ಕರೆಂಟು ಹೋದಾಗ ಓಡಿದ ಲ್ಯಾಪ್‌ಟಾಪ್

ಪುಸ್ತಕಗಳಿಗೆ ಪುಟ ಕಟ್ಟುವುದು ನನ್ನ ಕೆಲಸ. ಮೊದಲು ಶಿವಮೊಗ್ಗದ ಒಂದು ಪ್ರೆಸ್ಸಿನಲ್ಲಿದ್ದೆ. ಮದುವೆಯಾಗಿ ಕೊಪ್ಪ ತಾಲೂಕಿಗೆ ಬಂದ ಮೇಲೆ ಮನೆಯಿಂದಲೇ ಮಾಡುತ್ತಿದ್ದೇನೆ. ಲೇಖಕರು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಫೈಲ್ ಕಳಿಸುತ್ತಾರೆ. ಅದನ್ನು ಯೂನಿಕೋಡ್‌ಗೆ ತಿರುಗಿಸಬೇಕು. ತಿರುಗಿಸುವಾಗ ಕೆಟ್ಟುಹೋದ ಅರ್ಕಾವತ್ತು, ಒತ್ತಕ್ಷರಗಳನ್ನು ಕಣ್ಣಿಟ್ಟು ಸರಿ ಮಾಡಬೇಕು. ಆಮೇಲೆ ಸ್ಕ್ರೈಬಸ್‌ನಲ್ಲಿ ಪುಟ ಕೂರಿಸಿ, ಪಿಡಿಎಫ್ ತೆಗೆದು ಪ್ರೆಸ್ಸಿಗೆ ಕಳಿಸುತ್ತೇನೆ.

2023ರ ಜುಲೈನಲ್ಲಿ ಒಂದು ಕಥಾಸಂಕಲನ ಕೈಯಲ್ಲಿತ್ತು. 240 ಪುಟ. ಅಷ್ಟು ಪುಟದ ಪಿಡಿಎಫ್ ತೆಗೆಯಲು ನನ್ನ ಲ್ಯಾಪ್‌ಟಾಪಿಗೆ ಎರಡು ನಿಮಿಷ ಸಾಕು. ಆವತ್ತು ಹದಿನಾಲ್ಕು ನಿಮಿಷ ಹಿಡಿಯಿತು. ಟೈಪ್ ಮಾಡಿದರೆ ಅಕ್ಷರ ಮೂಡುವ ಹೊತ್ತಿಗೆ ಬೆರಳು ಮುಂದಿನ ಪದಕ್ಕೆ ಹೋಗಿರುತ್ತಿತ್ತು. ಪುಟ ಸರಿಸಿದರೆ ಮೊದಲು ಬಿಳಿ ಹಾಳೆ ಕಾಣಿಸಿ, ಆಮೇಲೆ ನಿಧಾನಕ್ಕೆ ಸಾಲುಗಳು ಇಳಿಯುತ್ತಿದ್ದವು.

ಲ್ಯಾಪ್‌ಟಾಪ್ ಹಳೆಯದು, ನಿಜ. ಅಣ್ಣನ ಮಗ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಡಿಸಿದ ಸೆಕೆಂಡ್ ಹ್ಯಾಂಡ್ ಮಾಲು. ಯಾವುದೋ ಆಫೀಸಿನವರು ಬಳಸಿ ಬಿಟ್ಟದ್ದು. ಒಳಗಿರುವುದು ಇಂಟೆಲ್ ಕೋರ್ ಐ5-6300ಯು ಪ್ರೊಸೆಸರ್. ಎರಡು ಕೋರ್. ಮೂಲ ವೇಗ 2.4 ಗಿಗಾಹರ್ಟ್ಸ್, ಟರ್ಬೋದಲ್ಲಿ 3.0ರವರೆಗೆ ಹೋಗುತ್ತದೆ. ಕನ್ನಡ ಪುಟ ಕಟ್ಟಲು ಇದು ಧಾರಾಳವಾಗಿ ಸಾಕು. ನಿನ್ನೆವರೆಗೆ ಚೆನ್ನಾಗಿದ್ದದ್ದು ಇವತ್ತು ಏಕಾಏಕಿ ಮುದಿಯಾಗುವುದಿಲ್ಲ ಅಲ್ವಾ? ಏನೋ ಬದಲಾಗಿರಬೇಕು.

ಬದಲಾಗಿದ್ದು ಎರಡು. ನನ್ನ ಲ್ಯಾಪ್‌ಟಾಪಿನಲ್ಲಿರುವುದು ಡೆಬಿಯನ್ ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಂ. ಆ ವಾರವೇ ನಾನು ಡೆಬಿಯನ್ 11ರಿಂದ 12ಕ್ಕೆ ಬಂದಿದ್ದೆ. ಜೂನ್ 10ರಂದು ಬಿಡುಗಡೆಯಾದ ಆವೃತ್ತಿ ಅದು. ಅದರ ತಿರುಳಾದ ಕರ್ನಲ್ 5.10ರಿಂದ 6.1ಕ್ಕೆ ಏರಿತ್ತು. ಇನ್ನೊಂದು ಬದಲಾವಣೆ ಅಡಾಪ್ಟರ್‌ನದು. ಹಳೆಯ ಅಡಾಪ್ಟರ್‌ನ ವಯರನ್ನು ಇಲಿ ಕಡಿದು ಹಾಕಿತ್ತು. ಪೇಟೆಗೆ ಹೋಗಿ ಹೊಸದು ತಂದಿದ್ದೆ. "ಅಕ್ಕ, ವೋಲ್ಟೇಜೂ ಒಂದೇ, ಪಿನ್ನೂ ಒಂದೇ. ಧೈರ್ಯವಾಗಿ ಹಾಕಿ" ಅಂದಿದ್ದರು ಅಂಗಡಿಯವರು. ನೋಡಿದೆ. 19.5 ವೋಲ್ಟ್, 3.34 ಆಂಪಿಯರ್, ಹಳೆಯದರ ಮೇಲೆ ಬರೆದಿದ್ದ ಅಂಕಿಗಳೇ. ಹಾಕಿದೆ, ದೀಪ ಹತ್ತಿತು. ಅಡಾಪ್ಟರ್ ವಿಷಯ ಅಲ್ಲಿಗೇ ಮನಸ್ಸಿನಿಂದ ಹೋಯಿತು.

ನಿಧಾನವಾಯಿತು ಅಂದ ಕೂಡಲೇ ನಾನು ಹಿಡಿದುಕೊಂಡಿದ್ದು ಡೆಬಿಯನ್ ಅನ್ನು. ಯಾರಾದರೂ ಹಾಗೇ ಮಾಡುತ್ತಿದ್ದರು ಅನಿಸುತ್ತದೆ. ಸಾವಿರಾರು ಪ್ಯಾಕೇಜ್ ಬದಲಾದ ಕಡೆಗೇ ಮೊದಲು ಕಣ್ಣು ಹೋಗುತ್ತದೆ.

ಲಿನಕ್ಸ್‌ನಲ್ಲಿ ಪ್ರೊಸೆಸರ್ ಎಷ್ಟು ವೇಗದಲ್ಲಿ ಓಡುತ್ತಿದೆ ಅಂತ ನೋಡುವುದು ಸುಲಭ. ಸಿಸ್ಟಂ ಡೈರೆಕ್ಟರಿಯೊಳಗೆ ಪ್ರತಿ ಸಿಪಿಯುಗೂ ಸಿಪಿಯುಫ್ರೀಕ್ ಅನ್ನುವ ಒಂದು ಫೋಲ್ಡರ್ ಇದೆ. ಅದರೊಳಗೆ ಪುಟ್ಟ ಪುಟ್ಟ ಫೈಲುಗಳು. ಒಂದೊಂದರಲ್ಲೂ ಒಂದೇ ಸಾಲು. ಪ್ರೊಸೆಸರ್ ವೇಗ ನಿಭಾಯಿಸುವ ಡ್ರೈವರ್ ಯಾವುದು, ಎಷ್ಟು ವೇಗ ಬೇಕು ಅಂತ ತೀರ್ಮಾನಿಸುವ ಗವರ್ನರ್ ಯಾವುದು, ಕನಿಷ್ಠ ಎಷ್ಟು, ಗರಿಷ್ಠ ಎಷ್ಟು, ಈಗ ಎಷ್ಟು. ಸುಮ್ನೆ ಓದಿದರೆ ಸಾಕು. ನನಗೆ ಈ ಫೋಲ್ಡರ್ ಅಂದರೆ ತುಂಬಾ ಇಷ್ಟ. ಯಂತ್ರ ತನ್ನ ಬಗ್ಗೆ ತಾನೇ ಬರೆದಿಟ್ಟುಕೊಂಡ ಚೀಟಿಗಳ ಹಾಗೆ ಕಾಣುತ್ತದೆ.

ಓದಿದೆ. ಡ್ರೈವರ್: ಇಂಟೆಲ್ ಪಿಸ್ಟೇಟ್. ಗವರ್ನರ್: ಪವರ್‌ಸೇವ್. ಕನಿಷ್ಠ 400 ಮೆಗಾಹರ್ಟ್ಸ್, ಗರಿಷ್ಠ 3000, ಅಂದರೆ 3 ಗಿಗಾಹರ್ಟ್ಸ್. ಈಗಿನ ವೇಗ 400.

ಪವರ್‌ಸೇವ್ ಅನ್ನುವ ಹೆಸರು ಕಂಡ ಕೂಡಲೇ ಕಳ್ಳ ಸಿಕ್ಕ ಅಂದುಕೊಂಡೆ. ನನ್ನ ಹಿಂದಿನ ಕಂಪ್ಯೂಟರ್‌ನಲ್ಲಿ ಆನ್‌ಡಿಮ್ಯಾಂಡ್ ಎಂಬ ಗವರ್ನರ್ ಇತ್ತು. ಕೆಲಸ ಬಂದರೆ ವೇಗ ಏರಿಸುವುದು, ಇಲ್ಲದಿದ್ದರೆ ಇಳಿಸುವುದು ಅದರ ಕೆಲಸ. ಅದರ ಮೂಲ ಕೋಡ್ ಒಮ್ಮೆ ತೆರೆದು ನೋಡಿದ್ದೆ. ಮೇಲ್ಗಡೆಯೇ 2003 ಅಂತ ಇಸವಿ, ಪಕ್ಕದಲ್ಲಿ ವೆಂಕಟೇಶ್ ಪಲ್ಲಿಪಾಡಿ ಎಂಬ ಹೆಸರು. ನಮ್ಮ ಕಡೆ ಕಿವಿಗೆ ಬೀಳುವಂಥ ಹೆಸರನ್ನು ಕರ್ನಲ್ ಒಳಗೆ ಕಂಡು ಆವತ್ತು ಖುಷಿಯಾಗಿತ್ತು. ಈಗ ಹುಡುಕಿದರೆ ಆನ್‌ಡಿಮ್ಯಾಂಡ್ ಪಟ್ಟಿಯಲ್ಲೇ ಇಲ್ಲ. ಇದ್ದದ್ದು ಎರಡೇ: ಪರ್ಫಾರ್ಮೆನ್ಸ್, ಪವರ್‌ಸೇವ್. ಹೊಸ ಡೆಬಿಯನ್ ಬಂದು ನನ್ನ ಪ್ರೊಸೆಸರ್‌ನ ಬೆಂಬಲವನ್ನೇ ಅರ್ಧ ಕಿತ್ತುಹಾಕಿದೆ ಅಂತ ನಂಬಿಬಿಟ್ಟೆ.

ಪರ್ಫಾರ್ಮೆನ್ಸ್ ಹಾಕಿದೆ. ಅಲುಗಾಡಲಿಲ್ಲ. ಅದೇ 400.

ಅಣ್ಣನ ಮಗನಿಗೆ ಫೋನ್ ಮಾಡಿದೆ. ಅವನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದಲ್ಲಿದ್ದಾನೆ.

"ಅತ್ತೆ, ಪವರ್‌ಸೇವ್ ಅನ್ನೋ ಹೆಸರು ನೋಡಿ ಹೆದರಬೇಡಿ. ಈ ಡ್ರೈವರ್‌ನಲ್ಲಿ ಅದರ ಅರ್ಥಾನೇ ಬೇರೆ."

"ಬೇರೆ ಅಂದರೆ?"

"ಹಳೇ ಡ್ರೈವರ್‌ನಲ್ಲಿ ಪವರ್‌ಸೇವ್ ಅಂದ್ರೆ ಯಾವಾಗಲೂ ಕನಿಷ್ಠ ವೇಗ. ಇದರಲ್ಲಿ ಹಾಗಲ್ಲ. ಕೆಲಸ ಬಂದರೆ ತಾನೇ ಮೇಲೆ ಹೋಗುತ್ತೆ. ನನ್ನ ಲ್ಯಾಪ್‌ಟಾಪ್‌ನಲ್ಲೂ ಪವರ್‌ಸೇವ್ ಅಂತಾನೇ ಇದೆ, ಚೆನ್ನಾಗೇ ಓಡುತ್ತೆ."

ಇದು ನನಗೆ ಗೊತ್ತಿರಲಿಲ್ಲ. ಆಮೇಲೆ ಕರ್ನಲ್‌ನ ದಾಖಲೆಗಳನ್ನು ಕೂತು ಓದಿದೆ. ಎಲ್ಲ ವಿವರವಾಗಿ ಬರೆದಿಟ್ಟಿದ್ದಾರೆ. ಕರ್ನಲ್‌ನ ಸಿಪಿಯುಫ್ರೀಕ್ ಭಾಗವನ್ನು ನೋಡಿಕೊಳ್ಳುವವರು ರಫಾಯೆಲ್ ವಿಸೋಟ್ಸ್ಕಿ ಮತ್ತು ವಿರೇಶ್ ಕುಮಾರ್. ಅವರ ಹೆಸರುಗಳು ಕರ್ನಲ್‌ನ ನಿರ್ವಾಹಕರ ಪಟ್ಟಿಯಲ್ಲಿವೆ. ಇಂಟೆಲ್ ಪಿಸ್ಟೇಟ್ ಡ್ರೈವರ್ ಬಂದದ್ದು 2013ರಲ್ಲಿ, 3.9ನೇ ಕರ್ನಲ್ ಜೊತೆ. ಗವರ್ನರ್ ಮಾಡುತ್ತಿದ್ದ ಲೆಕ್ಕವನ್ನು ಈ ಡ್ರೈವರ್ ತನ್ನೊಳಗೇ ಇಟ್ಟುಕೊಂಡಿದೆ. ಹಾಗಾಗಿ ಆನ್‌ಡಿಮ್ಯಾಂಡ್‌ಗೆ ಅಲ್ಲಿ ಜಾಗ ಇಲ್ಲ.

ಓದುತ್ತಾ ಹೋದಂತೆ ಒಂದು ವಿಷಯ ನನ್ನನ್ನು ಹಿಡಿದು ಕೂರಿಸಿತು. ಪ್ರೊಸೆಸರ್ ಎಷ್ಟು ಓಡಬೇಕು ಅಂತ ತೀರ್ಮಾನ ಮಾಡುವವರು ಯಾರು? 1992ರಲ್ಲಿ ವಿದ್ಯುತ್ ಬಳಕೆ ನಿಭಾಯಿಸುವ ಎಪಿಎಂ ಎಂಬ ಪದ್ಧತಿ ಬಂತು. ಆಗ ಬಹುಪಾಲು ಬಯೋಸ್‌ನದೇ, ಅಂದರೆ ಕಂಪ್ಯೂಟರ್ ಆನ್ ಆದ ಕೂಡಲೇ ಮೊದಲು ಓಡುವ, ಬೋರ್ಡಿನಲ್ಲೇ ಇರುವ ಪ್ರೋಗ್ರಾಂನದೇ ಯಜಮಾನಿಕೆ. 1996ರ ಕೊನೆಗೆ ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಸೇರಿ ಎಸಿಪಿಐ ತಂದರು. ಅದರಲ್ಲಿ ಬಯೋಸ್ ಒಂದು ಪಟ್ಟಿ ಕೊಡುತ್ತದೆ, ಆರಿಸುವುದು ಆಪರೇಟಿಂಗ್ ಸಿಸ್ಟಂ. ಕೆಲಸ ಮಾಡುವಾಗಿನ ವೇಗದ ಮಟ್ಟಗಳಿಗೆ ಪಿ-ಸ್ಟೇಟ್ ಅಂತಾರೆ. ಸುಮ್ಮನಿರುವಾಗಿನ ನಿದ್ದೆಯ ಮಟ್ಟಗಳಿಗೆ ಸಿ-ಸ್ಟೇಟ್. 2015ರಲ್ಲಿ ಇಂಟೆಲ್‌ನ ಸ್ಕೈಲೇಕ್ ಪ್ರೊಸೆಸರ್‌ಗಳು ಬಂದ ಮೇಲೆ ತೀರ್ಮಾನ ಮತ್ತೆ ಜಾರಿತು, ಈ ಸಲ ಪ್ರೊಸೆಸರ್ ಒಳಗೇ. ನನ್ನದೂ ಸ್ಕೈಲೇಕ್ ತಲೆಮಾರಿನದು. ಇದರಲ್ಲಿ ಲಿನಕ್ಸ್ ಹೇಳುವುದು ಇಷ್ಟೇ: ಕನಿಷ್ಠ ಇಷ್ಟು, ಗರಿಷ್ಠ ಇಷ್ಟು, ವೇಗ ಮುಖ್ಯವೋ ಉಳಿತಾಯ ಮುಖ್ಯವೋ. ಮಿಕ್ಕದ್ದನ್ನು ಚಿಪ್ಪೇ ಕ್ಷಣಕ್ಷಣಕ್ಕೂ ನಿರ್ಧರಿಸುತ್ತದೆ.

ಅಂದರೆ ಲಿನಕ್ಸ್ 3000 ಕೇಳಬಹುದು. ಕೊಡಲೇಬೇಕು ಅಂತ ಇಲ್ಲ. ನಾನು ಇಷ್ಟು ದಿನ ನೋಡುತ್ತಿದ್ದದ್ದು ಕೇಳುವ ಕಡೆಯನ್ನು ಮಾತ್ರ.

ನಮ್ಮ ಮನೆಗೆ ಗುಡ್ಡದಿಂದ ಅಬ್ಬಿ ನೀರು ಬರುತ್ತದೆ. ಪೈಪಿನಲ್ಲಿ ತಾನೇ ಇಳಿದು ಬರುವ ನೀರು. ನಲ್ಲಿಯಲ್ಲಿ ಸಣ್ಣಗೆ ಬಂದರೆ ನಲ್ಲಿಯನ್ನೇ ತಿರುಗಿಸುತ್ತಾ ಕೂತು ಪ್ರಯೋಜನ ಇಲ್ಲ. ತೊಟ್ಟಿ ನೋಡಬೇಕು, ಜಾಯಿಂಟ್ ನೋಡಬೇಕು, ಕೊನೆಗೆ ಗುಡ್ಡ ಹತ್ತಿ ಪೈಪಿನ ಬಾಯಿಗೆ ಎಲೆ ಕಟ್ಟಿದೆಯಾ ಅಂತ ನೋಡಬೇಕು. ನಮ್ಮ ಮನೆಯವರು ಮಳೆಗಾಲದಲ್ಲಿ ವಾರಕ್ಕೆ ಎರಡು ಸಲ ಈ ಕೆಲಸ ಮಾಡುತ್ತಾರೆ. ನಾನೂ ಹಾಗೇ ಒಂದೊಂದೇ ಮೆಟ್ಟಿಲು ಹತ್ತಲು ಶುರು ಮಾಡಿದೆ.

ಮೊದಲು ಹಳೆಯ ಕರ್ನಲ್. ಡೆಬಿಯನ್ ಅಪ್‌ಗ್ರೇಡ್ ಆದರೂ ಹಳೆಯ 5.10 ಕರ್ನಲ್, ಬೂಟ್ ಆಗುವಾಗ ಬರುವ ಗ್ರಬ್ ಮೆನುವಿನಲ್ಲಿ ಉಳಿದಿರುತ್ತದೆ. ಅದರಿಂದ ಬೂಟ್ ಮಾಡಿದೆ. 400. ಹೋದ ತಿಂಗಳು ಇದೇ ಕರ್ನಲ್‌ನಲ್ಲಿ ಇದೇ ಯಂತ್ರ ಚೆನ್ನಾಗಿ ಓಡಿತ್ತು. ಇಲ್ಲಿಗೆ ಹೊಸ ಕರ್ನಲ್ ಮೇಲಿನ ನನ್ನ ಅನುಮಾನ ಬಿಟ್ಟುಹೋಗಬೇಕಿತ್ತು. ಪೂರ್ತಿ ಬಿಡಲಿಲ್ಲ. ಸಿಟ್ಟು ಒಂದು ಕಡೆ ಕೂತರೆ ಬೇಗ ಏಳುವುದಿಲ್ಲ.

ಆಮೇಲೆ ಗ್ರಬ್‌ನಲ್ಲಿ ಒಂದು ಮಾತು ಸೇರಿಸಿ ಇಂಟೆಲ್ ಪಿಸ್ಟೇಟ್ ಡ್ರೈವರನ್ನೇ ಆಫ್ ಮಾಡಿದೆ. ಆಗ ಹಳೆಯ ಎಸಿಪಿಐ ಸಿಪಿಯುಫ್ರೀಕ್ ಡ್ರೈವರ್ ಕೆಲಸಕ್ಕೆ ಬಂತು. ಆನ್‌ಡಿಮ್ಯಾಂಡ್ ಹಾಕಲು ಸಾಧ್ಯವಾಯಿತು. ವೇಗ ಮಾತ್ರ ಹಾಗೇ ಇತ್ತು. ಆದರೆ ಈ ಡ್ರೈವರ್ ಬಂದಾಗ ಇನ್ನೊಂದು ಫೈಲ್ ಕಾಣಿಸಿಕೊಳ್ಳುತ್ತದೆ, ಬಯೋಸ್ ಲಿಮಿಟ್ ಅಂತ. ಬಯೋಸ್ "ಇದಕ್ಕಿಂತ ಮೇಲೆ ಹೋಗಬೇಡ" ಅಂತ ಎಸಿಪಿಐ ಮೂಲಕ ಹೇಳಿದ್ದರೆ ಅಲ್ಲಿ ಗೊತ್ತಾಗುತ್ತದೆ. ನೋಡಿದೆ. ಯಾವ ಮಿತಿಯೂ ಇಲ್ಲ. ಮೇಲಿನ ಮಟ್ಟದಲ್ಲೇ ಇದೆ.

ಈ ಫೈಲ್ ನೋಡಿದ ಮೇಲೆ ನನಗೆ ಸ್ವಲ್ಪ ಹೆದರಿಕೆಯೇ ಆಯಿತು. ಲಿನಕ್ಸ್ ಬೇಡ ಅನ್ನುತ್ತಿಲ್ಲ. ಬಯೋಸ್ ಬೇಡ ಅನ್ನುತ್ತಿಲ್ಲ. ಆದರೂ ಸಿಗುತ್ತಿಲ್ಲ. ಪ್ರೊಸೆಸರೇ ಹಾಳಾಗಿದೆಯಾ?

ಕಾವು ಜಾಸ್ತಿಯಾಗಿರಬಹುದು ಅಂತ ಇನ್ನೊಂದು ದಾರಿ. ಫ್ಯಾನಿನಲ್ಲಿ ಧೂಳು ಕಟ್ಟಿದರೆ ಪ್ರೊಸೆಸರ್ ಬಿಸಿಯಾಗಿ ತಾನೇ ನಿಧಾನ ಮಾಡಿಕೊಳ್ಳುತ್ತದೆ. ಇದಕ್ಕೆ ಟರ್ಬೋಸ್ಟ್ಯಾಟ್ ಎಂಬ ಸಾಧನ ಹಾಕಿಕೊಂಡೆ. ಡೆಬಿಯನ್‌ನಲ್ಲಿ ಲಿನಕ್ಸ್ ಸಿಪಿಯುಪವರ್ ಪ್ಯಾಕೇಜ್ ಜೊತೆ ಬರುತ್ತದೆ. ಇದನ್ನು ಬರೆದವರಿಗೆ ಕೈ ಮುಗಿಯಬೇಕು. ಬೇರೆ ಕೆಲವು ಸಾಧನಗಳು ಎಷ್ಟು ಕೇಳಲಾಗಿದೆ ಅಂತ ತೋರಿಸಿದರೆ, ಇದು ನಿಜಕ್ಕೂ ಎಷ್ಟು ಓಡಿದೆ ಅಂತ ಎಣಿಸಿ ಹೇಳುತ್ತದೆ. ಪ್ರೊಸೆಸರ್ ಒಳಗೆ ಎರಡು ಎಣಿಕೆಗಳಿವೆ. ಒಂದು, ಗಡಿಯಾರ ನಿಜವಾಗಿ ಎಷ್ಟು ಸಲ ಬಡಿಯಿತು ಅನ್ನುವುದು. ಇನ್ನೊಂದು, ನಿಗದಿತ ವೇಗದಲ್ಲಿ ಓಡಿದ್ದರೆ ಎಷ್ಟು ಬಡಿಯಬೇಕಿತ್ತು ಅನ್ನುವುದು. ಎರಡನ್ನೂ ತೂಗಿ ನೋಡಿದರೆ ನಿಜವಾದ ವೇಗ ಸಿಗುತ್ತದೆ. ಅಲ್ಲಿ ಯಾರ ಮಾತನ್ನೂ ನಂಬುವ ಅಗತ್ಯ ಇಲ್ಲ.

ಪಿಡಿಎಫ್ ತೆಗೆಯಲು ಬಿಟ್ಟು ಟರ್ಬೋಸ್ಟ್ಯಾಟ್ ನೋಡುತ್ತಾ ಕೂತೆ. ಒಂದು ಕೋರ್ ನೂರಕ್ಕೆ 99 ಭಾಗ ದುಡಿಯುತ್ತಿದೆ. ದುಡಿಯುವಾಗಿನ ವೇಗ 400. ತಾಪ 44 ಡಿಗ್ರಿ. ಇಡೀ ಚಿಪ್ ಎಳೆಯುತ್ತಿರುವ ವಿದ್ಯುತ್ 3 ವ್ಯಾಟ್ ಕೂಡ ಇಲ್ಲ. ಇದು 15 ವ್ಯಾಟ್‌ಗೆ ಮಾಡಿದ ಚಿಪ್. ಬಿಸಿಯಿಂದ ಎಷ್ಟು ಸಲ ನಿಧಾನವಾಯಿತು ಅಂತ ಕರ್ನಲ್ ಲೆಕ್ಕ ಇಡುತ್ತದೆ. ಅದರಲ್ಲಿ ಸೊನ್ನೆ.

ಬಿಸಿ ಇಲ್ಲ, ಮಿತಿ ಇಲ್ಲ, ಕೆಲಸ ಬೇಕಾದಷ್ಟಿದೆ. ಆದರೂ 400. ಆ ರಾತ್ರಿ ಅಲ್ಲಿಗೇ ನಿಲ್ಲಿಸಿದೆ.

ಮರುದಿನ ಬೆಳಿಗ್ಗೆಯಿಂದ ಗಾಳಿ ಮಳೆ ಶುರುವಾಯಿತು. ನಮ್ಮ ಕಡೆ ಜುಲೈ ಮಳೆ ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ಮಧ್ಯಾಹ್ನ ಎಲ್ಲೋ ಲೈನಿನ ಮೇಲೆ ಮರ ಬಿತ್ತು. ಕರೆಂಟು ಹೋಯಿತು. ಸಂಜೆಯ ಹೊತ್ತಿಗೆ ಇನ್ವರ್ಟರ್ ಕೂಡ ಕೂಗಿ ಕೂಗಿ ಆರಿಹೋಯಿತು. ಮೊಬೈಲ್ ನೆಟ್‌ವರ್ಕ್ ಅದಕ್ಕೆ ಮುಂಚೆಯೇ ಹೋಗಿತ್ತು. ಲೇಖಕರಿಗೆ ಶುಕ್ರವಾರದೊಳಗೆ ಅಂತ ಮಾತು ಕೊಟ್ಟಿದ್ದೆ. ಬ್ಯಾಟರಿಯಲ್ಲಿ ನೂರಕ್ಕೆ 63 ಇತ್ತು. ಜಗಲಿಯಲ್ಲಿ ಕೂತು, ಇರುವಷ್ಟರಲ್ಲಿ ಎರಡು ಕಥೆಗಳ ಕರಡಾದರೂ ತಿದ್ದಿಬಿಡೋಣ ಅಂತ ಲ್ಯಾಪ್‌ಟಾಪ್ ತೆರೆದೆ.

ಬೆರಳಿಟ್ಟ ಕೂಡಲೇ ಅಕ್ಷರ ಬಂತು.

ಎರಡು ಸಾಲು ಟೈಪ್ ಮಾಡಿದ ಮೇಲೆ ಗಮನಕ್ಕೆ ಬಂತು. ಪುಟ ಸರಿಸಿದೆ. ಹಾರಿಕೊಂಡು ಹೋಯಿತು. ಪಿಡಿಎಫ್ ತೆಗೆದೆ. ಎರಡು ನಿಮಿಷಕ್ಕೆ ಐದು ಸೆಕೆಂಡ್ ಕಡಿಮೆ. ಟರ್ಬೋಸ್ಟ್ಯಾಟ್ ಹಾಕಿದೆ. 2900ರ ಆಸುಪಾಸು. ತಾಪ 70 ದಾಟಿತ್ತು. ಫ್ಯಾನ್ ಸದ್ದು ಕೇಳಿ ಎಷ್ಟು ದಿನವಾಗಿತ್ತು!

ಬ್ಯಾಟರಿಯಲ್ಲಿ ನಿಧಾನ, ಕರೆಂಟಿನಲ್ಲಿ ಜೋರು. ಎಲ್ಲರೂ ಕಂಡಿರುವುದು ಹಾಗೆ. ಇದು ಅದಕ್ಕೆ ಪೂರ್ತಿ ತಿರುಗುಮುರುಗು. ಇಷ್ಟು ದಿನ ನಾನು ಸ್ಕ್ರೀನಿನ ಒಳಗೆ ಹುಡುಕುತ್ತಿದ್ದೆ. ಗೋಡೆಯ ಸಾಕೆಟ್‌ನಿಂದ ಲ್ಯಾಪ್‌ಟಾಪ್‌ವರೆಗಿನ ಎರಡು ಮಾರು ವಯರಿನ ಕಡೆ ತಿರುಗಿ ನೋಡಿರಲಿಲ್ಲ.

ಇನ್ನೊಂದು ಸುಳಿವೂ ಕಣ್ಣೆದುರೇ ಇತ್ತು. ಬ್ಯಾಟರಿ ಕೆಲವು ದಿನಗಳಿಂದ 63ರಲ್ಲೇ ನಿಂತಿತ್ತು. ಅದು ನನಗೆ ವಿಚಿತ್ರ ಅನಿಸಿರಲಿಲ್ಲ. ಯಾವಾಗಲೂ ಕರೆಂಟಿಗೆ ಹಾಕಿರುವ ಲ್ಯಾಪ್‌ಟಾಪಿನ ಬ್ಯಾಟರಿ ಬೇಗ ಸವೆಯುತ್ತದೆ ಅಂತ ಬಯೋಸ್‌ನಲ್ಲಿ ಒಂದು ಸೆಟ್ಟಿಂಗ್ ಮಾಡಿದ್ದೆ. 50ಕ್ಕಿಂತ ಕೆಳಗೆ ಬಂದರೆ ಮಾತ್ರ ಚಾರ್ಜ್ ಶುರು, 80ಕ್ಕೆ ನಿಲ್ಲಿಸು. ಹಾಗಾಗಿ 63ರಲ್ಲಿ ನಿಂತರೆ ಸರಿಯಾಗೇ ಇದೆ ಅಂದುಕೊಂಡಿದ್ದೆ. ನಿಜವಾಗಿ ಅದು ಚಾರ್ಜ್ ಆಗುವುದನ್ನೇ ಬಿಟ್ಟಿತ್ತು.

ಎರಡನೇ ದಿನ ಸಂಜೆ ಕರೆಂಟು ಬಂತು. ಆ ಹೊತ್ತಿಗೆ ಬ್ಯಾಟರಿ 30ಕ್ಕೆ ಇಳಿದಿತ್ತು. ಲ್ಯಾಪ್‌ಟಾಪಿಗೆ ಕೆಲಸ ಕೊಟ್ಟು, ಟರ್ಬೋಸ್ಟ್ಯಾಟ್ ಓಡಿಸಿಟ್ಟು, ಅಡಾಪ್ಟರ್ ಪಿನ್ ಒಳಗೆ ತಳ್ಳಿದೆ. 2900, 2900, ಮುಂದಿನ ಸಾಲಿನಲ್ಲಿ 400. ಕಿತ್ತೆ. 2900. ಹಾಕಿದೆ. 400. ನಾಲ್ಕು ಸಲ ಮಾಡಿದೆ. ನಾಲ್ಕು ಸಲವೂ ಹಾಗೇ. ಮನೆಯವರನ್ನು ಕರೆದು ತೋರಿಸಿದೆ. "ಎಲೆ ಕಟ್ಟಿದ ಜಾಗ ಸಿಕ್ತಲ್ಲ" ಅಂದರು.

ನೆಟ್‌ವರ್ಕ್ ಬಂದ ಕೂಡಲೇ ಅಣ್ಣನ ಮಗನಿಗೆ ಹೇಳಿದೆ. ಅವನು ಒಂದು ಕ್ಷಣ ಸುಮ್ಮನಿದ್ದು, "ಅತ್ತೆ, ಇದು ಪ್ರೊಕ್‌ಹಾಟ್ ಇರಬೇಕು" ಅಂದ.

ಪ್ರೊಕ್‌ಹಾಟ್ ಅಂದರೆ ಪ್ರೊಸೆಸರ್‌ಗೆ ಇರುವ ಒಂದು ತಂತಿ. ಪ್ರೊಸೆಸರ್ ತುಂಬಾ ಬಿಸಿಯಾದರೆ ಈ ತಂತಿಯ ಮೂಲಕ ಹೊರಗಿನವರಿಗೆ "ನಾನು ಸುಡುತ್ತಿದ್ದೇನೆ" ಅಂತ ಹೇಳುತ್ತದೆ. ಆದರೆ ಇದು ಎರಡೂ ದಿಕ್ಕಿಗೆ ಕೆಲಸ ಮಾಡುತ್ತದೆ. ಬೋರ್ಡಿನ ಮೇಲಿರುವ ಬೇರೆ ಭಾಗಗಳು, ಅಂದರೆ ವೋಲ್ಟೇಜ್ ಕೊಡುವ ಸರ್ಕ್ಯೂಟೋ ಚಾರ್ಜಿಂಗ್ ಸರ್ಕ್ಯೂಟೋ, ಇದೇ ತಂತಿ ಎಳೆದು ಪ್ರೊಸೆಸರ್‌ಗೆ "ನಿಧಾನ ಮಾಡು" ಅನ್ನಬಹುದು. ಹಾಗೆ ಹೇಳಿದರೆ ಪ್ರೊಸೆಸರ್ ಬೇರೆ ಯಾರ ಮಾತನ್ನೂ ಕೇಳುವುದಿಲ್ಲ. ಗವರ್ನರ್, ಡ್ರೈವರ್, ಎಸಿಪಿಐ ಎಲ್ಲ ಇದರ ಕೆಳಗೆ. ನೇರವಾಗಿ ಕನಿಷ್ಠ ವೇಗಕ್ಕೆ ಬರುತ್ತದೆ.

ಇದನ್ನೂ ಓದಿ ನೋಡಬಹುದು. ಪ್ರೊಸೆಸರ್ ಒಳಗಿನ ರಿಜಿಸ್ಟರ್‌ಗಳನ್ನು, ಅಂದರೆ ಅದು ತನ್ನ ಸ್ಥಿತಿ ಬರೆದಿಡುವ ಪುಟ್ಟ ಖಾನೆಗಳನ್ನು, ಓದಲು ಎಂಎಸ್ಆರ್ ಟೂಲ್ಸ್ ಅನ್ನುವ ಪುಟ್ಟ ಪ್ಯಾಕೇಜ್ ಇದೆ. ತಾಪದ ಸ್ಥಿತಿ ಹೇಳುವ ರಿಜಿಸ್ಟರ್‌ನ ಸಂಖ್ಯೆ 19ಸಿ. ಅದರಲ್ಲಿ ಸೊನ್ನೆಯಿಂದ ಎಣಿಸಿದರೆ ಸೊನ್ನೆಯನೇ ಬಿಟ್ ಪ್ರೊಸೆಸರ್ ತಾನೇ ಬಿಸಿಯಾಗಿದೆಯಾ ಅಂತ ಹೇಳುತ್ತದೆ. ಎರಡನೇ ಬಿಟ್ ಹೊರಗಿನ ಯಾರೋ ತಂತಿ ಎಳೆದಿದ್ದಾರಾ ಅಂತ ಹೇಳುತ್ತದೆ. ಅಡಾಪ್ಟರ್ ಹಾಕಿ ಓದಿದೆ. ಸೊನ್ನೆಯನೇ ಬಿಟ್ 0. ಎರಡನೇ ಬಿಟ್ 1. ಕಿತ್ತು ಓದಿದೆ. ಎರಡೂ 0. ಉತ್ತರ ಮೊದಲಿನಿಂದಲೂ ಅಲ್ಲಿ ಬರೆದೇ ಇತ್ತು. ನನಗೆ ಪ್ರಶ್ನೆ ಗೊತ್ತಿರಲಿಲ್ಲ ಅಷ್ಟೇ.

ಅಡಾಪ್ಟರ್‌ಗೂ ಇದಕ್ಕೂ ಏನು ಸಂಬಂಧ ಅಂತ ಕೇಳಬಹುದು. ಕೆಲವು ಕಂಪನಿಗಳ ಅಡಾಪ್ಟರ್ ಪಿನ್ನಿನ ನಡುವೆ ಒಂದು ಸಣ್ಣ ಸೂಜಿ ಇರುತ್ತದೆ. ಕರೆಂಟು ಹರಿಯುವುದು ಸುತ್ತಲಿನ ಲೋಹದಲ್ಲಿ. ಈ ಸೂಜಿ ಇರುವುದು ಮಾತಾಡಲು. ಅಡಾಪ್ಟರ್ ಒಳಗಿನ ಚಿಕ್ಕ ಚಿಪ್ ಅದರ ಮೂಲಕ "ನಾನು 65 ವ್ಯಾಟ್‌ನವನು" ಅಂತ ಲ್ಯಾಪ್‌ಟಾಪಿಗೆ ತಿಳಿಸುತ್ತದೆ. ಆ ಮಾತು ಬರದಿದ್ದರೆ ಲ್ಯಾಪ್‌ಟಾಪಿಗೆ ಈ ಅಡಾಪ್ಟರ್ ಎಷ್ಟು ಹೊರೆ ತಡೆಯುತ್ತದೆ ಅಂತ ಗೊತ್ತಾಗುವುದಿಲ್ಲ. 30 ವ್ಯಾಟ್‌ನದೂ ಆಗಿರಬಹುದು. ಜಾಸ್ತಿ ಎಳೆದರೆ ಸುಟ್ಟುಹೋಗಬಹುದು. ಹಾಗಾಗಿ ಬ್ಯಾಟರಿ ಚಾರ್ಜ್ ನಿಲ್ಲಿಸುತ್ತದೆ, ಪ್ರೊಸೆಸರ್‌ನ ತಂತಿ ಎಳೆದು ಹಿಡಿಯುತ್ತದೆ. ಅಂಗಡಿಯವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ವೋಲ್ಟೇಜೂ ಒಂದೇ, ಪಿನ್ನೂ ಒಂದೇ. ಆ ಪಿನ್ನಿನಲ್ಲಿ ಮಾತು ಇರಲಿಲ್ಲ.

ಪಕ್ಕದ ಊರಿನ ಹೈಸ್ಕೂಲ್ ಮೇಷ್ಟ್ರ ಹತ್ತಿರ ಅದೇ ಕಂಪನಿಯ ಲ್ಯಾಪ್‌ಟಾಪ್ ಇತ್ತು. ಮಳೆ ಸ್ವಲ್ಪ ಹೊಳವಾದಾಗ ಹೋಗಿ ಅವರ ಅಡಾಪ್ಟರ್ ಕೇಳಿ ತಂದೆ. ಹಾಕಿದೆ. 2900. ಬ್ಯಾಟರಿಯೂ ಏರಲು ಶುರುವಾಯಿತು. ಬಯೋಸ್ ಒಳಗೆ ಹೋಗಿ ನೋಡಿದೆ. ಅವರ ಅಡಾಪ್ಟರ್ ಹಾಕಿದಾಗ 65 ವ್ಯಾಟ್ ಅಂತ ತೋರಿಸುತ್ತದೆ. ನನ್ನದು ಹಾಕಿದಾಗ ಗೊತ್ತಿಲ್ಲದ ಅಡಾಪ್ಟರ್ ಅಂತ ತೋರಿಸುತ್ತದೆ. ಅಲ್ಲೇ ಕೆಳಗೆ ಅಡಾಪ್ಟರ್ ಎಚ್ಚರಿಕೆ ಅನ್ನುವ ಒಂದು ಟಿಕ್ ಇತ್ತು. ಹಿಂದೆ ಬಳಸಿದವರು ಯಾರೋ ಅದನ್ನು ತೆಗೆದಿದ್ದರು. ಅದು ಇದ್ದಿದ್ದರೆ ಬೂಟ್ ಆಗುವಾಗಲೇ ಸ್ಕ್ರೀನ್ ಮೇಲೆ ಬರೆದು ಹೇಳುತ್ತಿತ್ತು. ಟಿಕ್ ಹಾಕಿ ಬಂದೆ. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಂಡವರು ದಯವಿಟ್ಟು ಇದೊಂದನ್ನು ಇವತ್ತೇ ನೋಡಿಕೊಳ್ಳಿ.

ಒಂದು ಅಡ್ಡದಾರಿಯ ಬಗ್ಗೆ ಹೇಳಲೇಬೇಕು. 1ಎಫ್‌ಸಿ ಎಂಬ ಇನ್ನೊಂದು ರಿಜಿಸ್ಟರ್ ಇದೆ. ಅದರ ಸೊನ್ನೆಯನೇ ಬಿಟ್ಟನ್ನು 0 ಮಾಡಿದರೆ ಪ್ರೊಸೆಸರ್ ಹೊರಗಿನವರ ಆ ತಂತಿಗೆ ಕಿವಿಗೊಡುವುದನ್ನು ಬಿಡುತ್ತದೆ. ಹೊಸ ಅಡಾಪ್ಟರ್ ತರುವ ಮೊದಲು, ಕೆಲಸ ನಿಂತಿದೆಯಲ್ಲ ಅನ್ನುವ ಅವಸರದಲ್ಲಿ ಅದನ್ನು ಬರೆಯಲು ಹೋದೆ. ಕರ್ನಲ್ ಬಿಡಲಿಲ್ಲ. ಸಹಿ ಇರುವ ಸಿಸ್ಟಂ ಮಾತ್ರ ಬೂಟ್ ಆಗಲು ಬಿಡುವ ಸೆಕ್ಯೂರ್ ಬೂಟ್ ನನ್ನಲ್ಲಿ ಆನ್ ಇದೆ. ಹಾಗಿದ್ದಾಗ ಡೆಬಿಯನ್ ಕರ್ನಲ್ ಲಾಕ್‌ಡೌನ್‌ನಲ್ಲಿ ಇರುತ್ತದೆ. ಇಂಥ ರಿಜಿಸ್ಟರ್‌ಗಳನ್ನು ಓದಲು ಬಿಡುತ್ತದೆ, ಬರೆಯಲು ಬಿಡುವುದಿಲ್ಲ. ಸೆಕ್ಯೂರ್ ಬೂಟ್ ಆಫ್ ಮಾಡಿದ್ದರೆ ಆಗುತ್ತಿತ್ತು. ಅಲ್ಲಿ ನಿಂತು ಯೋಚಿಸಿದೆ. ನಮ್ಮದು ಮರದ ಅಟ್ಟದ ಹಳೆಯ ಮನೆ. ರಾತ್ರಿಯೆಲ್ಲ ಲ್ಯಾಪ್‌ಟಾಪ್ ಕರೆಂಟಿಗೆ ಹಾಕಿರುತ್ತೇನೆ. ಎಷ್ಟು ತಡೆಯುತ್ತದೆ ಅಂತ ಹೇಳದ ಅಡಾಪ್ಟರ್‌ನಿಂದ ಪೂರ್ತಿ ಹೊರೆ ಎಳೆದರೆ ಏನಾಗಬಹುದು ಅನ್ನುವುದು ನನಗೂ ಗೊತ್ತಿಲ್ಲ, ಲ್ಯಾಪ್‌ಟಾಪಿಗೂ ಗೊತ್ತಿಲ್ಲ. ವೋಲ್ಟೇಜ್ ಸರ್ಕ್ಯೂಟ್ ನಿಜವಾಗಿ ಕಾದರೂ ಇದೇ ತಂತಿಯಲ್ಲೇ ಕೂಗಿ ಹೇಳಬೇಕು. ಆ ಕೂಗು ಕೇಳಿಸದಂತೆ ಮಾಡುವುದು ಬೇಡ ಅನಿಸಿತು. ಹೊಸ ಅಡಾಪ್ಟರ್ ಬರುವವರೆಗೆ ಮೇಷ್ಟ್ರ ಅಡಾಪ್ಟರನ್ನೇ ದಿನಕ್ಕೆ ಎರಡು ಗಂಟೆ ಬಳಸಿಕೊಂಡೆ.

400ರಲ್ಲಿ ಓಡಿದರೆ ಕರೆಂಟಾದರೂ ಉಳಿಯುತ್ತದಲ್ಲ ಅಂತ ನಮ್ಮ ಮನೆಯವರು ಕೇಳಿದರು. ಒಳ್ಳೆಯ ಪ್ರಶ್ನೆ. ಚಿಪ್ ಮಟ್ಟಿಗೆ 3 ವ್ಯಾಟ್ ಅನ್ನುವುದು ಕಡಿಮೆಯೇ. ಆದರೆ ಎರಡು ನಿಮಿಷದ ಕೆಲಸಕ್ಕೆ ಹದಿನಾಲ್ಕು ನಿಮಿಷ ಸ್ಕ್ರೀನ್ ಉರಿಯಬೇಕು, ಡಿಸ್ಕ್ ಎಚ್ಚರ ಇರಬೇಕು, ಮೆಮೊರಿ ಎಚ್ಚರ ಇರಬೇಕು. ಬೇಗ ಮುಗಿಸಿ ಆಳವಾದ ಸಿ-ಸ್ಟೇಟ್‌ಗೆ ಇಳಿದು ಮಲಗುವುದೇ ಬಹಳ ಸಲ ಲಾಭ. ಟೈಪ್ ಮಾಡುವಾಗ ಎರಡು ಅಕ್ಷರಗಳ ನಡುವೆಯೂ ಪ್ರೊಸೆಸರ್ ಮಲಗಿ ಏಳುತ್ತದೆ. ಕರೆಂಟು ಇಲ್ಲದ ದಿನ ಬ್ಯಾಟರಿ ಬಾಳುವುದು ಆ ನಿದ್ದೆಯಿಂದಲೇ.

ಅಂಗಡಿಗೆ ಫೋನ್ ಮಾಡಿ ಇಡೀ ಕಥೆ ಹೇಳಿದೆ. ಅವರು ಬೇಜಾರು ಮಾಡಿಕೊಳ್ಳದೆ ಕೇಳಿದರು. "ಸೂಜಿಯಲ್ಲಿ ಮಾತಾಡುತ್ತೆ ಅಂತ ನನಗೆ ಗೊತ್ತಿರಲಿಲ್ಲ ಅಕ್ಕ. ಲ್ಯಾಪ್‌ಟಾಪ್ ನಿಧಾನ ಅಂತ ಇನ್ನೂ ಇಬ್ಬರು ಬಂದಿದ್ದರು, ಅವರದ್ದೂ ನೋಡ್ತೀನಿ" ಅಂದರು. ನಾಲ್ಕು ದಿನಕ್ಕೆ ಕಂಪನಿಯದೇ ಅಡಾಪ್ಟರ್ ತರಿಸಿಕೊಟ್ಟರು. ಹಾಕಿ, ಮೊದಲು ಬಯೋಸ್‌ನಲ್ಲಿ 65 ವ್ಯಾಟ್ ಅಂತ ಬಂತಾ ನೋಡಿದೆ. ಬಂತು.

ಆಮೇಲೆ ನಾನು ಅನುಮಾನದಲ್ಲಿ ಮಾಡಿದ್ದನ್ನೆಲ್ಲ ಒಂದೊಂದಾಗಿ ತೆಗೆದೆ. ಗ್ರಬ್‌ನಲ್ಲಿ ಸೇರಿಸಿದ್ದ ಮಾತು ಅಳಿಸಿದೆ. ಇಂಟೆಲ್ ಪಿಸ್ಟೇಟ್ ವಾಪಸ್ ಬಂತು. ಗವರ್ನರ್ ಪವರ್‌ಸೇವ್‌ಗೇ ಬಿಟ್ಟೆ. ಹಳೆಯ ಕರ್ನಲ್ ತೆಗೆದೆ. ಡೆಬಿಯನ್ 12ರಲ್ಲಿ ತಪ್ಪು ಏನೂ ಇರಲಿಲ್ಲ.

ಆವತ್ತು ಸಂಜೆ ಮತ್ತೆ ಕರೆಂಟು ಹೋಯಿತು. ಅರ್ಧ ಗಂಟೆ ಬಿಟ್ಟು ಬಂತು. ಪಕ್ಕದ ಕಿಟಕಿಯಲ್ಲಿ ಟರ್ಬೋಸ್ಟ್ಯಾಟ್ ಓಡುತ್ತಲೇ ಇತ್ತು. ಹೋದಾಗಲೂ ಬಂದಾಗಲೂ ಅಂಕಿ 2900ರ ಸುತ್ತಲೇ ಇತ್ತು. ಎಂಟು ಗಂಟೆಗೆ ಕಥಾಸಂಕಲನ ಪ್ರೆಸ್ಸಿಗೆ ಹೋಯಿತು.